ಅಂಟಾರ್ಕ್ಟಿಕದಲ್ಲಿ ನಾನು ನೆಟ್ಟ ಮೂರು ಮರ

ಕರಡು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು. ಪಕ್ಕದಲ್ಲಿ ಒಂದೇ ಪ್ರಶ್ನೆ: "ಈ ಮರಗಳು ಎಲ್ಲಿಂದ ಬಂದವು?"

ಮಕ್ಕಳ ಭೂಗೋಳದ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೆವು. ಅನುವಾದ ನನ್ನದು. ನಕ್ಷೆ ಬಿಡಿಸುವವರು ಬೇರೆ. ಕೊನೆಗೆ ಓದಿ ಸೈ ಅನ್ನುವವರು ನಮ್ಮ ಹಿರಿಯ ಸಂಪಾದಕರು. ಅಂಟಾರ್ಕ್ಟಿಕದ ಪುಟದಲ್ಲಿ ‘ಪೈನ್ ಐಲೆಂಡ್ ಗ್ಲೇಸಿಯರ್’ ಅಂತ ಇತ್ತು. ನಾನು ‘ಪೈನ್ ಮರಗಳ ದ್ವೀಪದ ಹಿಮನದಿ’ ಅಂತ ಬರೆದೆ. ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತೆ ಅಂತ ಒಳಗೊಳಗೇ ಖುಷಿ ಬೇರೆ. ಚಿತ್ರಕಾರರು ನನ್ನ ಸಾಲನ್ನು ನಂಬಿ ಅಲ್ಲೊಂದು ಪುಟ್ಟ ದ್ವೀಪ, ಅದರ ಮೇಲೆ ಮೂರು ಪೈನ್ ಮರ ಬಿಡಿಸಿಬಿಟ್ಟರು. ಇಡೀ ಅಂಟಾರ್ಕ್ಟಿಕ ಜಾಲಾಡಿದರೂ ಒಂದು ಮರ ಸಿಗುವುದಿಲ್ಲ.

"ಹೆಸರು ಹೇಗೆ ಬಂತು ಅಂತ ನೋಡಿದ್ರಾ?" ಅಂತ ಕೇಳಿದರು ಸಂಪಾದಕರು.

"ಇಲ್ಲ ಸಾರ್."

"ನೋಡಿ ಬನ್ನಿ. ಪುಟ ಅಲ್ಲೀವರೆಗೂ ಇಲ್ಲೇ ಇರ್ಲಿ."

ನೋಡಿದರೆ ಅದು ಹಡಗಿನ ಹೆಸರು! 1946-47ರಲ್ಲಿ ಅಮೆರಿಕದ ನೌಕಾಪಡೆ ‘ಆಪರೇಷನ್ ಹೈಜಂಪ್’ ಅನ್ನುವ ದೊಡ್ಡ ಯಾತ್ರೆ ಮಾಡಿತ್ತು. ವಿಮಾನದಿಂದ ಅಂಟಾರ್ಕ್ಟಿಕದ ಕರಾವಳಿಯ ಫೋಟೋ ತೆಗೆಯುವುದು ಅದರ ಕೆಲಸಗಳಲ್ಲಿ ಒಂದು. ಸಮುದ್ರದ ಮೇಲೆ ಇಳಿಯುವ ವಿಮಾನಗಳನ್ನು ನೋಡಿಕೊಳ್ಳುತ್ತಿದ್ದ ಹಡಗೊಂದರ ಹೆಸರು ‘ಪೈನ್ ಐಲೆಂಡ್’. ಆ ಫೋಟೋಗಳಲ್ಲಿ ಕಂಡ ಕೊಲ್ಲಿಗೆ ಹಡಗಿನ ಹೆಸರಿಟ್ಟರು. ಆಮೇಲೆ ಕೊಲ್ಲಿಗೆ ಬಂದು ಬೀಳುವ ಹಿಮನದಿಗೂ ಅದೇ ಹೆಸರು ಅಂಟಿಕೊಂಡಿತು. ಹಡಗಿನಿಂದ ಕೊಲ್ಲಿಗೆ, ಕೊಲ್ಲಿಯಿಂದ ಹಿಮನದಿಗೆ. ಈ ಸಾಲಿನಲ್ಲಿ ಪೈನ್ ಮರಕ್ಕೆ ಜಾಗವೇ ಇಲ್ಲ.

ನನಗೆ ಅವತ್ತು ಹೊಳೆದದ್ದು ಇದು. ನಮ್ಮ ಕಡೆಯ ಊರ ಹೆಸರುಗಳಲ್ಲಿ ಎಷ್ಟೋ ಸಲ ಊರಿನ ಚಿತ್ರವೇ ಇರುತ್ತದೆ. ಕೆರೆ, ಹಳ್ಳ, ಕಟ್ಟೆ, ಆಲದ ಮರ. ಅಲ್ಲೇ ಬಾಳಿದವರು ಇಟ್ಟ ಹೆಸರುಗಳವು. ಅಂಟಾರ್ಕ್ಟಿಕದಲ್ಲಿ ಬಾಳಿದವರು ಯಾರೂ ಇಲ್ಲ. ಹೊರಗಿಂದ ಹೋದವರು, ಎಷ್ಟೋ ಸಲ ವಿಮಾನದ ಫೋಟೋ ಮುಂದಿಟ್ಟುಕೊಂಡು ಕಚೇರಿಯಲ್ಲಿ ಕೂತವರು, ಹೆಸರಿಟ್ಟಿದ್ದಾರೆ. ಹಾಗಾಗಿ ಅಲ್ಲಿನ ಹೆಸರು ಜಾಗದ ಬಗ್ಗೆ ಹೇಳುವುದು ಕಮ್ಮಿ, ಇಟ್ಟವರ ಬಗ್ಗೆ ಜಾಸ್ತಿ. ಬಿಯರ್ಡ್‌ಮೋರ್ ಹಿಮನದಿಯನ್ನೇ ನೋಡಿ. 1908ರಲ್ಲಿ ಬ್ರಿಟಿಷ್ ಅನ್ವೇಷಕ ಶ್ಯಾಕಲ್‌ಟನ್ ತಂಡ ದಕ್ಷಿಣ ಧ್ರುವದ ಕಡೆ ಹತ್ತಿ ಹೋದ ದಾರಿ ಅದು. ವಿಲಿಯಂ ಬಿಯರ್ಡ್‌ಮೋರ್ ಆ ಯಾತ್ರೆಗೆ ದುಡ್ಡು ಕೊಟ್ಟ ಉದ್ಯಮಿ.

ಲ್ಯಾಂಬರ್ಟ್ ಕಥೆ ಇನ್ನೂ ಚೆನ್ನಾಗಿದೆ. ಜಗತ್ತಿನ ಅತಿ ದೊಡ್ಡ ಹಿಮನದಿಗಳಲ್ಲಿ ಒಂದು, ಸುಮಾರು 400 ಕಿಲೋಮೀಟರ್ ಉದ್ದ. ಹೈಜಂಪ್ ಫೋಟೋಗಳನ್ನು ನೋಡಿದ ಅಮೆರಿಕದವರೊಬ್ಬರು 1952ರಲ್ಲಿ ಇದನ್ನು ‘ಬೇಕರ್ ತ್ರೀ’ ಅಂತ ಕರೆದಿದ್ದರು. ಫೋಟೋ ತೆಗೆದ ವಿಮಾನ ತಂಡದ ಗುರುತು ಅದು. 1957ರಲ್ಲಿ ಆಸ್ಟ್ರೇಲಿಯಾದವರು ತಮ್ಮ ನಕ್ಷೆ ಇಲಾಖೆಯ ಮುಖ್ಯಸ್ಥ ಬ್ರೂಸ್ ಲ್ಯಾಂಬರ್ಟ್ ಹೆಸರಿಟ್ಟರು. ಹಳೆಯ ಹೆಸರೇ ಉಳಿದಿದ್ದರೆ ನಾನು ‘ಮೂರನೇ ಬೇಕರಿ’ ಅಂತ ಬರೆದುಬಿಡುತ್ತಿದ್ದೆನೇನೋ.

ಅದೇ ಲ್ಯಾಂಬರ್ಟ್‌ನಲ್ಲಿ ನನ್ನ ಎರಡನೇ ತಪ್ಪೂ ಸಿಕ್ಕಿತು. ‘ಪೂರ್ವಕ್ಕೆ ಹರಿಯುತ್ತದೆ’ ಅಂತ ಬರೆದಿದ್ದೆ, ಯಾಕೆಂದರೆ ನಕ್ಷೆಯಲ್ಲಿ ಅದು ಬಲಗಡೆಗೆ ಹರಿಯುತ್ತಿತ್ತು. ಮೇಲಕ್ಕೆ ಉತ್ತರ, ಬಲಕ್ಕೆ ಪೂರ್ವ ಅಂತ ಶಾಲೆಯಲ್ಲಿ ಕಲಿತದ್ದು. ಆದರೆ ಆ ನಕ್ಷೆಯ ನಡುಮಧ್ಯದಲ್ಲೇ ದಕ್ಷಿಣ ಧ್ರುವ ಇದೆ. ಅಲ್ಲಿಂದ ಮೇಲೆ, ಕೆಳಗೆ, ಎಡ, ಬಲ ಯಾವ ಕಡೆ ಹೊರಟರೂ ಉತ್ತರವೇ. ಲ್ಯಾಂಬರ್ಟ್ ಹರಿಯುವುದು ಉತ್ತರಕ್ಕೆ, ಸಮುದ್ರದ ಮೇಲೆ ತೇಲುವ ಏಮರಿ ಹಿಮಹಾಸಿನ ಕಡೆಗೆ. ಅದು ಸೇರುವ ಪ್ರಿಡ್ಜ್ ಕೊಲ್ಲಿಯ ದಡದಲ್ಲೇ 2012ರಿಂದ ನಮ್ಮ ‘ಭಾರತಿ’ ಸಂಶೋಧನಾ ಕೇಂದ್ರ ಇದೆ. ಈ ಸಾಲನ್ನು ನಾನೇ ಕೇಳಿ ಸೇರಿಸಿಕೊಂಡೆ.

ಮೂರನೆಯದು ಕಾಗುಣಿತದ ಪಾಡು. ಒಂದೇ ಅಧ್ಯಾಯದಲ್ಲಿ ‘ತ್ವೈಟ್ಸ್’, ‘ಥ್ವಾಯಿಟ್ಸ್’, ‘ಥ್ವೇಟ್ಸ್’ ಅಂತ ಮೂರು ಥರ ಬರೆದಿದ್ದೆ. ಓದುವ ಮಗುವಿಗೆ ಮೂರು ಹಿಮನದಿ! ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಫ್ರೆಡ್ರಿಕ್ ಥ್ವೇಟ್ಸ್ ಹೆಸರು ಅದು. ಒಂದನ್ನು ಹಿಡಿದು ಉಳಿದೆರಡನ್ನು ಹೊಡೆದುಹಾಕಿದೆವು. ಜತೆಗೆ ಸಂಪಾದಕರು ಒಂದು ಸಾಲು ಸೇರಿಸಿಸಿದರು: ಈ ಹಿಮನದಿಯ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಮ್ಮಿ ನಮ್ಮ ಇಡೀ ಕರ್ನಾಟಕದಷ್ಟು. ನಾನು ಅಷ್ಟು ದಿನ ಹೆಸರಿನ ಜತೆ ಗುದ್ದಾಡಿದ್ದೆ, ಈ ಹೋಲಿಕೆ ತಲೆಗೇ ಬಂದಿರಲಿಲ್ಲ.

ಈಗ ಹೆಸರು ಕಂಡ ಕೂಡಲೇ ಅನುವಾದಕ್ಕೆ ಕೈ ಹಾಕುವುದಿಲ್ಲ. ಅಂಟಾರ್ಕ್ಟಿಕಕ್ಕೆ ಒಬ್ಬ ಯಜಮಾನ ಇಲ್ಲ, ಹೆಸರಿಡುವ ಸಮಿತಿ ದೇಶಕ್ಕೊಂದು. ಒಂದೇ ಜಾಗಕ್ಕೆ ಎರಡು ಹೆಸರೂ ಇರಬಹುದು. ಎಲ್ಲ ದೇಶಗಳ ಹೆಸರನ್ನೂ ಒಟ್ಟು ಮಾಡಿದ ಒಂದು ಪಟ್ಟಿ ಇದೆ. ಮೊದಲು ಅದನ್ನು ತೆರೆಯುತ್ತೇನೆ. ಹೆಸರು ಮನುಷ್ಯರದ್ದೋ, ಹಡಗಿನದ್ದೋ ಆಗಿದ್ದರೆ ಹಾಗೇ ಕನ್ನಡ ಅಕ್ಷರದಲ್ಲಿ ಬರೆದು ‘ಹಿಮನದಿ’ ಅಂತ ಮಾತ್ರ ಸೇರಿಸುತ್ತೇನೆ. ಹೀಗೆ ಹುಡುಕುವಾಗಲೇ ‘ದಕ್ಷಿಣ ಗಂಗೋತ್ರಿ’ ಸಿಕ್ಕಿದ್ದು. ಗಂಗೋತ್ರಿ ನೆನಪಲ್ಲಿ ನಮ್ಮವರು ಅಂಟಾರ್ಕ್ಟಿಕದಲ್ಲಿ ಇಟ್ಟ ಹೆಸರು. ಮೊದಲು ಅಲ್ಲಿನ ನಮ್ಮ ಸಂಶೋಧನಾ ಕೇಂದ್ರವೊಂದಕ್ಕೆ ಇತ್ತು. ಆ ಕೇಂದ್ರ ಹಿಮದಲ್ಲಿ ಹೂತುಹೋಯಿತು. ಅಲ್ಲಿನ ನಮ್ಮ ಇನ್ನೊಂದು ಕೇಂದ್ರ ‘ಮೈತ್ರಿ’ಯ ಹತ್ತಿರದ ಹಿಮನದಿಯೊಂದಕ್ಕೆ ಆ ಹೆಸರು ಇನ್ನೂ ಇದೆ. ಯಾರಾದರೂ ಅದನ್ನು ಉತ್ತರಾಖಂಡದಲ್ಲಿ ಹುಡುಕಿಯಾರು ಅಂತ ಕೆಳಗೊಂದು ಟಿಪ್ಪಣಿ ಹಾಕಿದೆ.

ಪೈನ್ ಐಲೆಂಡ್ ಪುಟವನ್ನು ತಿದ್ದಿ ಕಳಿಸಿದ ಸಂಜೆ ಚಿತ್ರಕಾರರು ಫೋನ್ ಮಾಡಿದರು. "ಮರ ತೆಗೆದಿದ್ದೀನಿ. ಆ ಜಾಗ ಖಾಲಿ ಖಾಲಿ ಕಾಣ್ತಿದೆ. ಏನ್ ಹಾಕ್ಲಿ?"

"ಒಂದು ಹಡಗು ಹಾಕಿ" ಅಂದೆ.