ಗಂಟಲಿಗೆ ಕರೆದರು, ಕಿವಿಗೆ ಕೆಲಸ ಕೊಟ್ಟರು

ನನ್ನನ್ನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಟೀಮಿಗೆ ಸೇರಿಸಿಕೊಂಡಿದ್ದು ನನ್ನ ಗಂಟಲು ನೋಡಿ. ಇದು ನನ್ನ ಊಹೆಯಲ್ಲ, ನಮ್ಮ ಹಿರಿಯ ಹ್ಯಾಮ್ ಬಾಯಿಬಿಟ್ಟು ಹೇಳಿದ್ದು. "48 ಗಂಟೆ ಕೂಗಬೇಕಪ್ಪಾ, ನಿನ್ನ ಗಂಟಲು ಗಟ್ಟಿ ಇದೆ, ಬಾ." ನಾನು ಹಿಗ್ಗಿ ಹೋದೆ.

2024ರ ಅಕ್ಟೋಬರ್ 26, 27. ಜಗತ್ತಿನ ಹ್ಯಾಮ್ ಸ್ಟೇಷನ್ನುಗಳ ಸ್ಪರ್ಧೆಯಾದ ಸಿಕ್ಯೂ ವರ್ಲ್ಡ್ ವೈಡ್ ಕಾಂಟೆಸ್ಟ್, ಮಾತಿನ ವಿಭಾಗ. ಯುಟಿಸಿ (ಜಾಗತಿಕ ಸಮಯ) ಪ್ರಕಾರ ಶನಿವಾರ ಶುರುವಾದ ಕ್ಷಣದಿಂದ ಭಾನುವಾರ ಮುಗಿಯುವ ತನಕ, ಸಿಕ್ಕಿದಷ್ಟು ಸ್ಟೇಷನ್‌ಗಳ ಜೊತೆ ಮಾತಾಡಬೇಕು. ಮಾತು ಅಂದರೆ ಹರಟೆ ಅಲ್ಲ. ಕಾಲ್‌ಸೈನ್, (ಸ್ಟೇಷನ್ನಿನ ಗುರುತಿನ ಅಕ್ಷರ, ಅಂಕಿ), ಸಿಗ್ನಲ್ ರಿಪೋರ್ಟ್, ಝೋನ್ (ಭೂಪಟದ ವಲಯ) ನಂಬರ್, ಮುಗೀತು. ರಿಪೋರ್ಟ್ ಎಲ್ಲರೂ 'ಫೈವ್ ನೈನ್' ಅಂತಲೇ ಕೊಡುತ್ತಾರೆ, ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅಂತ. ಮೂರು ಸಲ ಕೇಳಿದರೂ ಅರ್ಥವಾಗದವನಿಗೂ ಫೈವ್ ನೈನೇ. ಇಷ್ಟು ಧಾರಾಳವಾಗಿ ಸುಳ್ಳು ಹೇಳುವ ಇನ್ನೊಂದು ಹವ್ಯಾಸ ನನಗೆ ಗೊತ್ತಿಲ್ಲ.

ನಾವು ನಾಲ್ಕು ಜನ. ಹಿರಿಯರು, ಆಂಟೆನಾ ಹುಚ್ಚಿನ ಒಬ್ಬ ಎಂಜಿನಿಯರ್, ಹೋದ ವರ್ಷವಷ್ಟೇ ಲೈಸೆನ್ಸ್ ತಗೊಂಡ ಒಬ್ಬಳು ಕಾಲೇಜು ಹುಡುಗಿ, ಮತ್ತು ನಾನು. ಒಂದು ರೇಡಿಯೊ, 100 ವಾಟ್. ಹೆಚ್ಚಿನ ಫ್ರೀಕ್ವೆನ್ಸಿಯ ಬ್ಯಾಂಡುಗಳಿಗೆ, ಬೇಕಾದ ದಿಕ್ಕಿಗೆ ತಿರುಗುವ ಯಾಗಿ ಆಂಟೆನಾ. ಬ್ಯಾಂಡುಗಳನ್ನು ಕರೆಯೋದು ಅಲೆಯ ಉದ್ದದಿಂದ. 40 ಮೀಟರ್‌ಗೆ 20 ಮೀಟರ್ ಉದ್ದದ ತಂತಿಯ ಡೈಪೋಲ್ ಆಂಟೆನಾ.

ಶುರುವಿಗೆ ಒಂದು ಗಂಟೆ ಮುಂಚೆ 40ರಲ್ಲಿ ಬರೀ ಗುಂಯ್ ಅನ್ನುವ ಗದ್ದಲ. ಯಾರೂ ಮಾತಾಡದಿದ್ದರೂ ಸಿಗ್ನಲ್ ಬಲ ತೋರಿಸುವ ಮೀಟರ್ ಮುಳ್ಳು ಎಸ್ 7ರಲ್ಲಿ ನಿಂತಿತ್ತು. ಎಂಜಿನಿಯರ್ ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಬಂದ. ಫ್ಯಾನ್, ಚಾರ್ಜರ್, ರೂಟರ್. ಮುಳ್ಳು ಅಲ್ಲಾಡಲಿಲ್ಲ. ಕೊನೆಗೆ ಹುಡುಗಿ ಮೇಜಿನ ಮೇಲಿದ್ದ ಎಲ್‌ಇಡಿ ದೀಪ ಆರಿಸಿದಳು. ಮುಳ್ಳು ಎಸ್ 3ಕ್ಕೆ ಕುಸಿಯಿತು. ದೀಪದ ಒಳಗಿನ ಅಗ್ಗದ ಸ್ವಿಚಿಂಗ್ ಸರ್ಕ್ಯೂಟ್ ಇಡೀ ಬ್ಯಾಂಡಿಗೆ ಕಸ ಚೆಲ್ಲುತ್ತಿತ್ತು. ಆ ದೀಪ ತಂದವನು ನಾನೇ. ರಾತ್ರಿ ಲಾಗ್ ಬರೆಯಲು ಅನುಕೂಲ ಆಗಲಿ ಅಂತ.

ಸರಿ, ಕಾಂಟೆಸ್ಟ್ ಶುರುವಾಯಿತು. ಮೈಕ್ ನನ್ನ ಕೈಗೆ ಬಂತು. ನಾನು ಕೂಗಿದೆ ನೋಡಿ! ಹತ್ತು ನಿಮಿಷಕ್ಕೆ ಪಕ್ಕದ ಫ್ರೀಕ್ವೆನ್ಸಿಯವನೊಬ್ಬ ಬಂದು, ನಿಮ್ಮ ಸಿಗ್ನಲ್ ನನ್ನ ಕಡೆಗೂ ಚೆಲ್ಲುತ್ತಿದೆ ಅಂತ ಹೇಳಿ ಹೋದ. ಹಿರಿಯರು ಮೈಕ್ ಗೇನ್ ಇಳಿಸಿದರು. "ದನಿ ಗಟ್ಟಿ ಮಾಡೋಕೆ ಕಂಪ್ರೆಸರ್ ಇದೆ, ನೀನು ಸುಮ್ನೆ ಮಾತಾಡು ಸಾಕು." ನನ್ನ ಗಂಟಲಿನ ಕಥೆ ಅಲ್ಲಿಗೆ ಮುಗಿಯಿತು.

ಹಗಲು 10 ಮೀಟರ್ ಬ್ಯಾಂಡ್ ಸಂತೆಯಾಗಿತ್ತು. ಸೂರ್ಯ ತನ್ನ 11 ವರ್ಷದ ಚಕ್ರದ ಗರಿಷ್ಠ ಹಂತದಲ್ಲಿದ್ದ ವರ್ಷ ಅದು. ಸೂರ್ಯನ ಕಲೆಗಳು ಜಾಸ್ತಿ, ರೇಡಿಯೊ ಅಲೆಗಳನ್ನು ಬಗ್ಗಿಸುವ ಮೇಲಿನ ವಾತಾವರಣದ ಪದರ ಅಯಾನುಗೋಳ ಗಟ್ಟಿ, 28 ಮೆಗಾಹರ್ಟ್ಸ್ ಕೂಡ ಹೊರಗೆ ಸೋರಿಹೋಗದೆ ಭೂಮಿಗೆ ಬಾಗಿ ಬರುತ್ತದೆ. ಕರೆದವರೆಲ್ಲ ಸಿಕ್ಕರು. ಹೇಳಲು ಜಾಸ್ತಿ ಏನಿಲ್ಲ.

ಸಂಜೆ ಯಾಗಿ ತಿರುಗೋದು ನಿಲ್ಲಿಸಿತು. ನಮಗೆ ಬೇಕಾದ ದಿಕ್ಕಿಗೆ ಬೆನ್ನು ಹಾಕಿ ನಿಂತಿತ್ತು. ಎಂಜಿನಿಯರ್ ಟವರ್ ಹತ್ತಲು ಹೊರಟೇಬಿಟ್ಟ. ಕತ್ತಲಲ್ಲಿ ಯಾರೂ ಹತ್ತೋದು ಬೇಡ ಅಂತ ಹಿರಿಯರು ಗದರಿದರು. ಆಮೇಲೆ 40ರ ಡೈಪೋಲ್ ಅನ್ನು 15 ಮೀಟರ್‌ಗೆ ಹಾಕಿದರು. 7 ಮೆಗಾಹರ್ಟ್ಸ್‌ನ ಮೂರು ಪಟ್ಟು 21. ಅದೇ ತಂತಿ ಅಲ್ಲಿಗೂ ಸರಿಸುಮಾರು ಹೊಂದುತ್ತದೆ. ಮಿಕ್ಕಿದ್ದನ್ನು ಟ್ಯೂನರ್ ನೋಡಿಕೊಂಡಿತು. ಬೆಳಗ್ಗೆ ನೋಡಿದರೆ ಟವರ್ ಬುಡದಲ್ಲೇ ರೋಟೇಟರ್ ಕೇಬಲ್ಲಿನ ಪ್ಲಗ್ ಸಡಿಲ ಆಗಿತ್ತು. ಹತ್ತೋದೇ ಬೇಕಿರಲಿಲ್ಲ!

ನಾನು ಹೇಳಬೇಕು ಅಂದುಕೊಂಡಿದ್ದು ಎರಡನೇ ರಾತ್ರಿಯ ಬಗ್ಗೆ. 41ನೇ ಗಂಟೆ. 40 ಮೀಟರ್, ನನ್ನ ಪಾಳಿ. ಗಂಟೆಗೆ 60 ಸಂಪರ್ಕದ ಲೆಕ್ಕದಲ್ಲಿ ಓಡುತ್ತಿದ್ದೆ. ಐದಾರು ಜನ ಒಟ್ಟಿಗೆ ಕರೆಯುತ್ತಿದ್ದರು. ಅವರೆಲ್ಲರ ಅಡಿಯಲ್ಲಿ, ಬಾವಿಯ ತಳದಿಂದ ಬಂದಂತೆ ಒಂದು ದನಿ. ಕೊನೆಯ ಎರಡು ಅಕ್ಷರ ಮಾತ್ರ ಸಿಕ್ಕಿತು. ಬಿಟ್ಟು ಮುಂದೆ ಹೋಗೋಣ ಅಂದುಕೊಂಡೆ. ಪಕ್ಕದಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿ ತೋಳು ಹಿಡಿದಳು. "ಬಿಡಬೇಡಿ. ಆ ಎರಡು ಅಕ್ಷರದವರು ಮಾತ್ರ ಅನ್ನಿ."

ಅಂದೆ. ಇಬ್ಬರು ಸುಮ್ಮನಾದರು, ಮೂವರು ಆಗಲಿಲ್ಲ. ಮತ್ತೆ ಅಂದೆ. ಹುಡುಗಿ ಫಿಲ್ಟರ್ ಗುಂಡಿ ಹಿಡಿದು ಕಿರಿದು ಮಾಡುತ್ತಾ ಹೋದಳು. ದನಿ ಸೀಳಿ ಮೂಗಿನಲ್ಲಿ ಬಂದಂತಾಯಿತು, ಆದರೆ ಸುತ್ತಲಿನ ಗದ್ದಲ ಕೆಳಗಿಳಿಯಿತು. ನಾನು ಕಣ್ಣು ಮುಚ್ಚಿದೆ. ಮೊದಲ ಅಕ್ಷರ ಬಂತು. ಅಂಕಿ ಬಂತು. ನಡುವಿನದು ಬರಲೇ ಇಲ್ಲ. ಅವನು ಫೋನೆಟಿಕ್ (ಅಕ್ಷರಕ್ಕೆ ಬದಲು ಹೇಳುವ ಪದ) ಬದಲಾಯಿಸಿ ಹೇಳಿದ, ಆಗ ಹೊಳೆಯಿತು. ಪೂರ್ತಿ ಓದಿ ಹೇಳಿದೆ. ಅತ್ತ ಕಡೆಯಿಂದ "ರೋಜರ್, ರೋಜರ್" ಅಂತ ಎರಡು ಸಲ ಬಂತು. ಆ ಎರಡನೇ ರೋಜರ್ ಇದೆಯಲ್ಲ, ಅದು ನಿಯಮದಲ್ಲಿ ಇರೋದಲ್ಲ.

ಎರಡು ನಿಮಿಷ ಹೋಗಿತ್ತು. ನನ್ನ ಲೆಕ್ಕದಲ್ಲಿ ಎರಡು ಸಂಪರ್ಕ ನಷ್ಟ. ಹಿರಿಯರು ಕಾಗದ ತಗೊಂಡರು. ಸ್ಕೋರ್ ಅಂದರೆ ಪಾಯಿಂಟನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದು. ಪ್ರತಿ ಬ್ಯಾಂಡಿನಲ್ಲಿ ಸಿಗುವ ಒಂದೊಂದು ಹೊಸ ದೇಶ, ಒಂದೊಂದು ಹೊಸ ಝೋನ್ ಒಂದೊಂದು ಮಲ್ಟಿಪ್ಲೈಯರ್. ಅಷ್ಟು ಹೊತ್ತಿಗೆ ನಮ್ಮ ಪಾಯಿಂಟ್ 2,900ರ ಆಸುಪಾಸು, ಮಲ್ಟಿಪ್ಲೈಯರ್ 290. ಬೇರೆ ಖಂಡದ ಸ್ಟೇಷನ್ ಒಂದಕ್ಕೆ 3 ಪಾಯಿಂಟ್, ಅಂದರೆ ಸ್ಕೋರಿಗೆ 870. ಹೊಸ ಮಲ್ಟಿಪ್ಲೈಯರ್ ಒಂದು ಸಿಕ್ಕರೆ ಇಡೀ 2,900 ಸೇರುತ್ತದೆ. ಆ ಬ್ಯಾಂಡಿನಲ್ಲಿ ಅವನ ದೇಶವೂ ನಮಗೆ ಹೊಸದು, ಝೋನೂ ಹೊಸದು. "ಎರಡು ಸಾವಿರ ಕೊಟ್ಟು ಆರು ಸಾವಿರ ತಗೊಂಡಿದೀಯ" ಅಂದರು. ನನಗೆ ಗಂಟಲು ಆಗಲೇ ಹೋಗಿತ್ತು, ತಲೆ ಆಡಿಸಿದೆ.

ಐದು ದಿನದೊಳಗೆ ಲಾಗ್ ಕಳಿಸಬೇಕು. ಮಾರನೇ ದಿನವೇ ಕಳಿಸಿದೆವು. ಅವರು ಎಲ್ಲರ ಲಾಗ್‌ಗಳನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ತಾಳೆ ನೋಡುತ್ತಾರೆ. ಕಾಲ್‌ಸೈನಿನಲ್ಲಿ ಒಂದು ಅಕ್ಷರ ತಪ್ಪಿದರೂ ಆ ಸಂಪರ್ಕ ಹೋಯಿತು, ಜೊತೆಗೆ ಅದರ ಪಾಯಿಂಟಿನ ಎರಡು ಪಟ್ಟು ದಂಡ.

ತಿಂಗಳುಗಳ ಮೇಲೆ ರಿಪೋರ್ಟ್ ಬಂತು. ನಮ್ಮ ತಪ್ಪು ಕಾಲ್‌ಗಳು 17. ಯಾರ ಪಾಳಿಯಲ್ಲಿ ಎಷ್ಟು ಅಂತ ಹುಡುಗಿ ಗುರುತು ಹಾಕಿದಳು. ಅವಳದ್ದು 1, ನನ್ನದು 11. ಹೆಚ್ಚಿನವು ಎಸ್ ಇದ್ದಲ್ಲಿ ಎಫ್, ಎಫ್ ಇದ್ದಲ್ಲಿ ಎಸ್. ಅವೆರಡನ್ನೂ ಬೇರೆ ಮಾಡುವ ತೀಕ್ಷ್ಣ ಸದ್ದು ಮಾತು ಕಳಿಸೋ ವಿಧಾನವಾದ ಎಸ್‌ಎಸ್‌ಬಿ ಫಿಲ್ಟರಿನಲ್ಲೇ ಕತ್ತರಿಸಿ ಹೋಗುತ್ತದೆ. ಅದಕ್ಕೇ ಅಲ್ವಾ ಫೋನೆಟಿಕ್ ಇರೋದು. ನನ್ನ ಹನ್ನೊಂದರಲ್ಲಿ ಹತ್ತು ತಪ್ಪು ಮೊದಲ ದಿನದ್ದು, ನಾನು ಭರ್ಜರಿಯಾಗಿ ಓಡುತ್ತಿದ್ದೇನೆ ಅಂದುಕೊಂಡಿದ್ದ ಹೊತ್ತಿನದು. ಬಾವಿಯ ತಳದವನ ಸಾಲು ಹುಡುಕಿದೆ. ತಪ್ಪಿನ ಪಟ್ಟಿಯಲ್ಲಿ ಇರಲಿಲ್ಲ.

ಈ ನವೆಂಬರ್ ಕೊನೆಗೆ ಇದೇ ಕಾಂಟೆಸ್ಟಿನ ಮೋರ್ಸ್ ವಿಭಾಗ. ಅಲ್ಲಿ ನಿಮಿಷಕ್ಕೆ 30 ಪದದ ವೇಗ, ನಾನು ತಿಣುಕಿ 12 ಹಿಡಿಯುತ್ತೇನೆ. ಮೈಕ್ ಅಂತೂ ಇಲ್ಲ. ಹಿರಿಯರು ಮತ್ತೆ ಕರೆದಿದ್ದಾರೆ, ರೋಟೇಟರ್ ಪ್ಲಗ್ ನೋಡಿಕೊಳ್ಳೋಕೆ. ಮನೆಯಿಂದ ದೀಪ ಮಾತ್ರ ತರಬೇಡ ಅಂದಿದ್ದಾರೆ.