ಕಾಯುವ ಕೆಲಸ ಯಾರ ಪಾಲಿಗೆ?

“ಕಾಯ್ವ ಕಾಯ್ವ ಅಂತೀರಲ್ಲ ಅಪ್ಪಯ್ಯ, ಕಾಯ್ತಾ ಇರೋನು ನಾನೊಬ್ಬನೇ ಅಲ್ದಾ?”

ಅಕ್ಕನ ಮಗ ಈ ಮಾತು ಹೇಳಿದ್ದು ಕಳೆದ ಭಾನುವಾರ ಮಧ್ಯಾಹ್ನ, ತೀರ್ಥಹಳ್ಳಿ ಹತ್ತಿರದ ಅವರ ಮನೆಯಲ್ಲಿ. ದನಿ ಏರಿಸಲಿಲ್ಲ. ಎದುರುತ್ತರದ ಧಾಟಿಯೂ ಇರಲಿಲ್ಲ. ಮಜ್ಜಿಗೆ ಅನ್ನ ಕಲಸುತ್ತಾ, ತಲೆ ಎತ್ತದೆ ಅಂದ. ಭಾವ ಏನೂ ಹೇಳದೆ ಎದ್ದು ಕೈ ತೊಳೆಯಲು ಹೋದರು. ಅಕ್ಕ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಹಾಕುತ್ತಾ ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೆ. ಬೆಂಗಳೂರಿಗೆ ಬಂದು ಕೆಲಸಕ್ಕೆ ಕೂತ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ವಿಷಯ ಗೇಮಿಂಗ್ ಲ್ಯಾಪ್‌ಟಾಪ್. ಈಗಲೇ ತಗೊಳ್ಳೋದಾ, ದೀಪಾವಳಿ ಸೇಲ್ ತನಕ ತಡೆಯೋದಾ. ಹುಡುಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಆರನೇ ಸೆಮಿಸ್ಟರ್. ಬ್ಲೆಂಡರ್, ಅನ್‌ರಿಯಲ್ ಎಂಜಿನ್ ಎಂಬ ಸಾಫ್ಟ್‌ವೇರ್ ಹಿಡಿದು ಗೇಮ್ ತಯಾರಿಸುವ ಕೆಲಸದ ಹಿಂದೆ ಬಿದ್ದಿದ್ದಾನೆ. “ಬರೀ ಓದಿಗೇ ಬೇಕಾ?” ಅಂತ ಅಪ್ಪ ಕೇಳಿದಾಗ, “ಇಲ್ಲ, ಆಟ ಆಡೋಕೂ ಬೇಕು” ಅಂತ ನೇರವಾಗಿ ಹೇಳಿದ. ಈ ವಯಸ್ಸಿನಲ್ಲಿ ಅಷ್ಟು ಪ್ರಾಮಾಣಿಕವಾಗಿ ಬೇಡಿಕೆ ಇಡುವ ಹುಡುಗರು ಕಡಿಮೆ. ನನಗೆ ಅದು ಬಹಳ ಹಿಡಿಸಿತು.

ಈಗ ಇರುವುದು ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಒಂದು ಕಡೆಯ ಹಿಂಜ್ ಕಿತ್ತು ಎಂ-ಸೀಲ್ ಹಾಕಿ ಕೂರಿಸಿದ್ದಾರೆ, ಪರದೆ ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತದೆ. ಹಳೇ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11ಕ್ಕೆ ಅರ್ಹವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಅವನ ಕೆಲಸಕ್ಕೆ ಬೇಕಾದ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಅಂತೂ ಇಲ್ಲವೇ ಇಲ್ಲ. ಹಾಗಾದರೆ ಇವನು ಬ್ಲೆಂಡರ್ ಕಲಿಯುತ್ತಿರುವುದು ಯಾವುದರಲ್ಲಿ?

ಅದು ಗೊತ್ತಾಗಿದ್ದು ಅದೇ ಸಂಜೆ, ಅವನನ್ನು ಹಾಸ್ಟೆಲ್‌ಗೆ ಬಿಟ್ಟು ನಾನು ರಾತ್ರಿ ರೈಲು ಹಿಡಿಯುವ ಮುಂಚೆ. ರೂಮಿನಲ್ಲಿ ಅವನ ಗೆಳೆಯನ ಲ್ಯಾಪ್‌ಟಾಪ್ ಇತ್ತು. ರಾತ್ರಿ ಆ ಹುಡುಗ ಮಲಗಿದ ಮೇಲೆ ಇವನು ಅದನ್ನು ತೆಗೆದುಕೊಂಡು ರೆಂಡರ್‌ಗೆ, ಅಂದರೆ ಕಟ್ಟಿದ ದೃಶ್ಯವನ್ನು ವಿಡಿಯೋ ಆಗಿಸಲು, ಹಾಕುತ್ತಾನಂತೆ. ನನಗೆ ತಾನು ಮಾಡಿದ್ದನ್ನು ತೋರಿಸಿದ. ಮಳೆಯಲ್ಲಿ ನೆನೆಯುತ್ತಿರುವ ಒಂದು ಅಡಿಕೆ ತೋಟ, ಸೋಗೆ ತುದಿಯಿಂದ ಹನಿ ಬೀಳುವುದು, ಕಾಲುವೆಯಲ್ಲಿ ಕೆಂಪು ನೀರು. ಕೆಲವೇ ಸೆಕೆಂಡಿನ ದೃಶ್ಯ. ತೋರಿಸಿ ಮುಗಿಸಿದ ಮೇಲೆ ಜೇಬಿನಿಂದ ಕರ್ಚೀಫ್ ತೆಗೆದು ಕೀಬೋರ್ಡ್ ಒರೆಸಿದ, ಟಚ್‌ಪ್ಯಾಡ್ ಒರೆಸಿದ, ಚಾರ್ಜರ್ ವೈರ್ ಮೊದಲಿದ್ದ ಹಾಗೇ ಸುತ್ತಿಟ್ಟ. ಬೇರೆಯವರ ವಸ್ತು ಎಂಬ ಎಚ್ಚರ ಆ ಒಂದೊಂದು ಚಲನೆಯಲ್ಲೂ ಇತ್ತು. ರೈಲಿನಲ್ಲಿ ಮಲಗಿದರೂ ಆ ಕರ್ಚೀಫ್ ಕಣ್ಣೆದುರಿನಿಂದ ಹೋಗಲಿಲ್ಲ.

ಭಾವನ ಬಗ್ಗೆ ತಪ್ಪು ತಿಳಿಯಬಾರದು. ಜಿಪುಣರಲ್ಲ, ಮಗನ ಓದಿಗೆ ಹಿಂದೆ ಮುಂದೆ ನೋಡಿದವರಲ್ಲ. ಆದರೆ ಅವರು ಅಡಿಕೆ ಬೆಳೆಗಾರರು. ಕಾಯುವುದೇ ಅವರ ಕಸುಬಿನ ಅರ್ಧ ಭಾಗ. ರಾಶಿ ಅಡಿಕೆಯನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟು, ದಿನಾ ಬೆಳಗ್ಗೆ ಶಿವಮೊಗ್ಗ ಮಾರುಕಟ್ಟೆ ದರ ನೋಡಿ, “ಇನ್ನೂ ಸ್ವಲ್ಪ ಏರ್ಲಿ” ಅಂತ ಸುಮ್ಮನಿರುವ ತಾಳ್ಮೆ ನನ್ನಂಥ ಸಂಬಳದವನಿಗೆ ಅರ್ಥವಾಗುವಂಥದ್ದಲ್ಲ. 2014ರಲ್ಲಿ ದರ ಆಕಾಶಕ್ಕೆ ಏರಿದಾಗ ಮಾರಿದವರು ಗೆದ್ದರು, ಇನ್ನೂ ಏರುತ್ತದೆಂದು ಇಟ್ಟವರು ಕೈಕೈ ಹಿಸುಕಿಕೊಂಡರು. ಎರಡನ್ನೂ ಕಂಡವರು ಅವರು. ಈಗ ಎಲೆಚುಕ್ಕಿ ರೋಗ ಬೇರೆ. ಮುಂದಿನ ವರ್ಷದ ಫಸಲು ಎಷ್ಟೆಂದು ಗೊತ್ತಿಲ್ಲದ ಮನುಷ್ಯ ಲಕ್ಷ ರೂಪಾಯಿಯ ವಸ್ತುವಿಗೆ ಹಿಂಜರಿದರೆ ಅದು ನ್ಯಾಯವೇ.

ಅವರ ಲೆಕ್ಕ ತಪ್ಪಿದ್ದು ಬೇರೆ ಕಡೆ. “ಈ ಕಂಪ್ಯೂಟರೆಲ್ಲ ದಿನ ಹೋದ ಹಾಗೆ ಅಗ್ಗ ಆಗ್ತದೆ, ನೀ ಎಂತಕ್ಕೆ ಅವಸರ ಮಾಡ್ತೀಯ?” ಅಂದರು. ಇಷ್ಟು ವರ್ಷ ಇದು ನಿಜವೇ ಆಗಿತ್ತು. ಈ ವರ್ಷ ಅಲ್ಲ. ಜಗತ್ತಿನ ಮೆಮೊರಿ ಚಿಪ್‌ನಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಕೇಳುವ ಎಚ್‌ಬಿಎಂ ಎಂಬ ದುಬಾರಿ ಮೆಮೊರಿಯಲ್ಲಿ ಲಾಭ ಹೆಚ್ಚು, ಅದಕ್ಕೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯೂ ಹೆಚ್ಚು ಬೇಕು. ಅಲ್ಲಿಗೆ ಸುರಿದಷ್ಟು ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗೆ ಹೋಗುವ ರ‍್ಯಾಮ್ ಎಂಬ ಮೆಮೊರಿ ಕಡಿಮೆ, ದರ ಜಾಸ್ತಿ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಹೊಸ ಕಾರ್ಖಾನೆ ಕಟ್ಟಿ ಚಿಪ್ ಹೊರಬರಲು ವರ್ಷಗಟ್ಟಲೆ ಬೇಕು. ದೀಪಾವಳಿ ಸೇಲ್‌ನ ಬ್ಯಾನರ್ ಇದನ್ನೆಲ್ಲ ಸರಿಪಡಿಸುವುದಿಲ್ಲ.

ಇನ್ನೊಂದು ಬಗೆಯ ಕಾಯುವಿಕೆಯನ್ನು ಯೂಟ್ಯೂಬ್ ಪಂಡಿತರು ಹಂಚುತ್ತಾರೆ. ಗ್ರಾಫಿಕ್ಸ್ ಚಿಪ್‌ನ ಹೊಸ ಪೀಳಿಗೆ ಬರಲಿ, ಹಳೆಯದರ ದರ ಇಳಿಯಲಿ ಅಂತ. ಆ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ 30 ಸರಣಿಯನ್ನು 2021ರ ಜನವರಿಯಲ್ಲಿ ಘೋಷಿಸಿದರು, 40ನ್ನು 2023ರಲ್ಲಿ, 50ನ್ನು 2025ರಲ್ಲಿ. 2026ರ ಜನವರಿಯ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಅವರ ಹೊಸ ಗೇಮಿಂಗ್ ಚಿಪ್ ಬರಲಿಲ್ಲ. ಹಳೇ ಲಯದಲ್ಲೇ ನಡೆದರೂ ಮುಂದಿನದು ಬರುವ ಹೊತ್ತಿಗೆ ನಮ್ಮ ಹುಡುಗ ಕೊನೆಯ ಸೆಮಿಸ್ಟರ್‌ನಲ್ಲಿರುತ್ತಾನೆ. ವಸ್ತು ಬೇಕಾದ ಕಾಲವೇ ಮುಗಿದ ಮೇಲೆ ಕೈಗೆ ಬಂದರೆ ಉಳಿಸಿದ ಹತ್ತು ಸಾವಿರಕ್ಕೆ ಏನು ಅರ್ಥ? ಉಪದೇಶ ಮಾಡುವವರ ಮೇಜಿನ ಮೇಲೆ ಅದಾಗಲೇ ನಾಲ್ಕು ಲ್ಯಾಪ್‌ಟಾಪ್ ಇರುತ್ತವೆ. ಅವರು ಎಷ್ಟು ಬೇಕಾದರೂ ಕಾಯಬಲ್ಲರು.

ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಹೇಳಿದೆ. ಚಿಪ್ಪು, ಡೇಟಾ ಸೆಂಟರ್ ಯಾವುದೂ ಅವರಿಗೆ ನಾಟಲಿಲ್ಲ. ಕರ್ಚೀಫ್‌ನ ವಿಷಯ ಹೇಳಿದಾಗ ಮಾತ್ರ ಸುಮ್ಮನಾದರು. ಆಮೇಲೆ, “ತೋಟ ಮಾಡಿದ್ನಾ ಅದ್ರಲ್ಲಿ? ನಮ್ಮ ತೋಟವಾ?” ಅಂದರು. ಗುರುವಾರ ಅವರೇ ಫೋನ್ ಮಾಡಿದರು. “ಮೂರು ಚೀಲ ಕೊಟ್ಟೆ ಮಾರಾಯ. ನೀನೇ ಜೊತೆಗೆ ಹೋಗಿ ಒಳ್ಳೇದು ನೋಡಿ ಕೊಡ್ಸು.” ಇಂಥ ದರ ಬಂದರೆ ಮಾತ್ರ ಎಂದು ಹಟ ಹಿಡಿದು ಕೂತಿದ್ದವರು, ಇದ್ದ ದರಕ್ಕೆ ಕೊಟ್ಟುಬಿಟ್ಟಿದ್ದರು. ಅದರ ಬೆಲೆ ನನಗೆ ಗೊತ್ತು.

ಶನಿವಾರ ಹುಡುಗನೂ ನಾನೂ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆವು. ಅಲ್ಲಿನ ಒಬ್ಬ ಅಂಗಡಿಯವರನ್ನು ನೆನೆಯಲೇಬೇಕು. ನಮ್ಮೆದುರು ಡೆಮೊ ಲ್ಯಾಪ್‌ಟಾಪನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ ಒಳಗೆ ತೋರಿಸಿದರು. ಎರಡು ರ‍್ಯಾಮ್ ಸ್ಲಾಟ್, ಒಂದರಲ್ಲಿ 16 ಜಿಬಿ, ಇನ್ನೊಂದು ಖಾಲಿ. “ಹೋದ ವರ್ಷ ಆಗಿದ್ರೆ ಆಮೇಲೆ ಹಾಕಿಸ್ಕೊಳ್ಳಿ, ಅಗ್ಗ ಆಗತ್ತೆ ಅಂತ ನಾನೇ ಹೇಳ್ತಿದ್ದೆ ಸರ್. ಈಗ ಹಂಗೆ ಹೇಳೋಕೆ ಬಾಯಿ ಬರಲ್ಲ” ಅಂದರು. ಎನ್‌ವಿಡಿಯಾ 50 ಸರಣಿಯ ಚಿಪ್ ಆರ್‌ಟಿಎಕ್ಸ್ 5060 ಅಂತ ಬರೆದ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು, ಹೆಸರು ಒಂದೇ ಆದರೂ ಆ ಚಿಪ್‌ಗೆ ಕೊಡುವ ಕರೆಂಟ್ 45 ವಾಟ್‌ನಿಂದ 100 ವಾಟ್‌ವರೆಗೆ ಬೇರೆ ಬೇರೆ ಇರಬಹುದು, ತೆಳ್ಳಗಿದೆ ಅಂತ ಮರುಳಾಗಬೇಡಿ ಎಂದು ಹುಡುಗನಿಗೆ ಬಿಡಿಸಿ ಹೇಳಿದರು. 5070ಕ್ಕೆ ಏರೋಣವೇ ಅಂದರೆ ಅದರಲ್ಲೂ ವಿಡಿಯೋ ಮೆಮೊರಿ ಅದೇ 8 ಜಿಬಿ, ನಿಮ್ಮ ಕೆಲಸಕ್ಕೆ ಅಷ್ಟು ದುಡ್ಡು ದಂಡ ಅಂದರು. ದೊಡ್ಡದನ್ನು ಮಾರುವ ಅವಕಾಶ ಬಿಟ್ಟುಕೊಟ್ಟ ಮನುಷ್ಯ!

ಅಲ್ಲಿ ನಮಗೊಂದು ದಾರಿ ಸಿಕ್ಕಿತು. ಗ್ರಾಫಿಕ್ಸ್ ಚಿಪ್, ಪರದೆ, ತಂಪು ಮಾಡುವ ವ್ಯವಸ್ಥೆ ಆಮೇಲೆ ಸುಲಭಕ್ಕೆ ಬದಲಿಸಲು ಬರುವುದಿಲ್ಲ. ಅದಕ್ಕೆ ಈಗಲೇ ಒಳ್ಳೆಯದು. ರ‍್ಯಾಮ್, ಫೈಲ್ ಇಡುವ ಎಸ್‌ಎಸ್‌ಡಿ ಆಮೇಲೂ ಸೇರಿಸಬಹುದಾದವು. ಖಾಲಿ ಸ್ಲಾಟ್ ಖಾಲಿಯೇ ಇರಲಿ, ದರ ಇಳಿದ ದಿನ ತುಂಬಿದರಾಯಿತು. ಭಾವನ ತಾಳ್ಮೆಗೆ ಸರಿಯಾದ ಜಾಗ ಆ ಸ್ಲಾಟ್. 1 ಲಕ್ಷ 12 ಸಾವಿರ ಕೊಟ್ಟು, ನೋ ಕಾಸ್ಟ್ ಇಎಂಐ ಗೋಜಿಗೆ ಹೋಗದೆ, ಬಿಲ್ ಹುಡುಗನ ಹೆಸರಿನಲ್ಲಿ ಮಾಡಿಸಿಕೊಂಡು ಬಂದೆವು.

ಆದರೆ ಅವನ ಮಾತು ಲ್ಯಾಪ್‌ಟಾಪ್ ಬಂದ ಮೇಲೂ ನನ್ನಲ್ಲಿ ಬೆಳೆಯುತ್ತಲೇ ಇದೆ. ನಮ್ಮ ಮನೆಗಳಲ್ಲಿ ಕಾಯೋಣ ಎಂದು ತೀರ್ಮಾನಿಸುವವರು ದುಡ್ಡು ಕೈಯಲ್ಲಿರುವವರು, ನಿಜವಾಗಿ ಕಾಯುವವರು ಬೇರೆ. ಅಟ್ಟದ ಮೇಲಿನ ಅಡಿಕೆಗೆ ಕಾದರೆ ದರವಾದರೂ ಏರೀತು. ಇಪ್ಪತ್ತು ವರ್ಷದ ಹುಡುಗನ ಒಂದು ವರ್ಷಕ್ಕೆ ಆಮೇಲೆ ಯಾವ ದರವೂ ಸಿಗದು. ಇನ್ನು ಅಕ್ಕ? ಆ ಮನೆಯಲ್ಲಿ ವಾಷಿಂಗ್ ಮಷಿನ್ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ ಮಳೆಯಲ್ಲಿ ಬಟ್ಟೆ ಒಣಗಿಸುವುದೆಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ, ಹೊಗೆ ವಾಸನೆ ಹಿಡಿದ ಲುಂಗಿ, ಚೂಡಿದಾರ ಮಗುಚಿ ಮಗುಚಿ ಹಾಕುತ್ತಾಳೆ. “ದರ ಬರ್ಲಿ” ಎಂಬ ಮಾತನ್ನು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ಒಮ್ಮೆಯೂ ಮಗನಂತೆ ಕೇಳಿಲ್ಲ. ಅವತ್ತು ಊಟದ ಹೊತ್ತಿನಲ್ಲಿ ಅವಳು ನನ್ನನ್ನು ನೋಡಿದ್ದರ ಅರ್ಥ ಬರೀ ಮಗನ ಪರವಾದ ಶಿಫಾರಸು ಎಂದು ನನಗೀಗ ಅನ್ನಿಸುತ್ತಿಲ್ಲ.

ಯುಗಾದಿಗೆ ಊರಿಗೆ ಹೋಗುವುದಿದೆ. ಮಷಿನ್ ವಿಷಯ ಈ ಸಲ ನಾನೇ ತೆಗೆಯುತ್ತೇನೆ, ಅಕ್ಕನ ಎದುರಿಗೇ. ಮಳೆ ಹಿಡಿಯುವುದಕ್ಕೆ ಮುಂಚೆ ಬರಬೇಕು. ಭಾವ ಬೇಸರ ಮಾಡಿಕೊಂಡರೂ ಸರಿ.