ಬ್ಲೂಬೆರಿ ಗಿಡ, ಎರಡನೇ ಸುತ್ತು: ಈ ಸಲ ಜಾತಿ ನೋಡಿ ತಂದೀನಿ

ಹೋದ ವರ್ಷ ತಂದಿದ್ದ ಬ್ಲೂಕ್ರಾಪ್ ಅನ್ನೂ ಬ್ಲೂಬೆರಿ ಜಾತಿ ಗಿಡಾ ಸತ್ತಿಲ್ರಿ, ಆದ್ರ ಒಂದ್ ಹೂವೂ ಬಿಡಲಿಲ್ಲ. ಮಾರಿದವ್ರು ಎಲ್ಲಾ ಕಡೆ ಬರ್ತೈತಿ ಅಂದಿದ್ರು, ನಾನೂ ಚೀಟಿ ಮ್ಯಾಲಿನ ಹಣ್ಣಿನ ಫೋಟೋ ನೋಡಿ ತಂದೆ, ಆಮ್ಯಾಲ ಕುಂತು ಓದಿದಾಗ ಗೊತ್ತಾತು, ಈ ಜಾತಿಗೆ ಚಳಿಗಾಲದಾಗ 7 ಡಿಗ್ರಿಗಿಂತ ಕಡಿಮಿ ಥಂಡಿ ಸುಮಾರು 800 ತಾಸು ಸಿಗಬೇಕಂತ, ಆವಾಗ್ಲೇ ಮೊಗ್ಗು ಎಚ್ಚರಾಗೂದು. ನಮ್ಮ ಹುಬ್ಬಳ್ಯಾಗ ಸಂಕ್ರಾಂತಿ ಟೈಮಿಗೂ ಮುಂಜಾನೆ 13-14 ಡಿಗ್ರಿ ಇರ್ತೈತಿ. ಗಿಡದ್ದೇನೂ ತಪ್ಪಿಲ್ಲ.

ಹಂಗಾಗಿ ಈ ಸಲ ಮೊದಲ ಥಂಡಿ ಲೆಕ್ಕ, ಆಮ್ಯಾಲ ಹಣ್ಣಿನ ಮಾತು. ಅಮೆರಿಕಾದಾಗ ಉತ್ತರದ ಬ್ಲೂಬೆರಿನ ಫ್ಲೋರಿಡಾದ ಕಾಡು ಜಾತಿ ಜೋಡಿ ಕೂಡಿಸಿ ಸದರ್ನ್ ಹೈಬುಶ್ ಅಂತ ಮಾಡ್ಯಾರ, ಇವಕ್ಕ ಕಡಿಮಿ ಥಂಡಿ ಸಾಕು. ಮಿಸ್ಟಿ, ಶಾರ್ಪ್‌ಬ್ಲೂ, ಸನ್‌ಶೈನ್ ಬ್ಲೂ, ಬಿಲಾಕ್ಸಿ ಎಲ್ಲಾ ಇದರಾಗ ಬರ್ತಾವ. ನನ್ನ ಮನಸು ಬಿಲಾಕ್ಸಿ ಮ್ಯಾಲ ಕುಂತತು. 1998ರಾಗ ಬಂದ ಜಾತಿ, ಪೆರು, ಮೆಕ್ಸಿಕೋ ಕಡೆ ಥಂಡಿ ಇಲ್ಲದ ಜಾಗಾದಾಗೂ ಎಲಿ ಉದುರಿಸದಂಗ ವರ್ಷಪೂರ್ತಿ ಹಸರ ಇಟ್ಟು ಬೆಳೀತಾರ, ನಮಗ ಬೇಕಾಗಿದ್ದು ಅದ. ಮಿಸ್ಟಿ ಬ್ಯಾಡ ಅನಸ್ತು, ಅದು ತಾಳಲಾರದಷ್ಟು ಹೂ ಬಿಟ್ಟು ಸೊರಗ್ತೈತಿ, ವರ್ಷಾ ಕತ್ತರಿ ಹಿಡಕೊಂಡು ಕುಂಡ್ರಬೇಕು. ಸನ್‌ಶೈನ್ ಬ್ಲೂ ಗಿಡ್ಡ, ಮೂರ್ನಾಕು ಫೂಟ್ ಅಷ್ಟ, ಟೆರೇಸಿಗೆ ಛಲೋ. ಕಡೀಗೆ ಎರಡು ಬಿಲಾಕ್ಸಿ, ಒಂದು ಸನ್‌ಶೈನ್ ಬ್ಲೂ ತಂದೆ, ಬ್ಯಾರೆ ಬ್ಯಾರೆ ಜಾತಿ ಬಾಜೂ ಬಾಜೂಕ ಇದ್ರ ಹಣ್ಣು ದಪ್ಪ ಆಗ್ತಾವ.

ಜಾತಿಗಿಂತ ಹೆಚ್ಚು ಕಾಡಿದ್ದು ಮಣ್ಣು. ಬ್ಲೂಬೆರಿಗೆ ಹುಳಿ ಮಣ್ಣು, ಅಂದ್ರ ಪಿಎಚ್ (ಹುಳಿ ಅಳತಿ, ಅಂಕಿ ಕಡಿಮಿ ಆದಷ್ಟು ಹುಳಿ ಹೆಚ್ಚು) 4.5ರಿಂದ 5.5 ಬೇಕು, ನಮ್ಮ ಹಿತ್ತಲದ ಎರಿ ಮಣ್ಣು ಮೀಟರಿನ್ಯಾಗ 8 ತೋರಸ್ತು. ಸುಣ್ಣ ತುಂಬಿದ ಈ ಮಣ್ಣಿಗೆ ಪಿಎಚ್ ಇಳಸಾಕ ಎಷ್ಟು ಗಂಧಕ ಹಾಕಿದ್ರೂ ತಿರುಗಿ ಅಲ್ಲಿಗೇ ಬರ್ತೈತಿ, ಅದಕ್ಕ ನೆಲದಾಗ ಹಚ್ಚೂ ವಿಚಾರನ ಬಿಟ್ಟೆ. ದೊಡ್ಡ ಪಾಟಿನ್ಯಾಗ ಚೆನ್ನಾಗಿ ತೊಳದ ಕೋಕೋಪೀಟ್, ಪೈನ್ ತೊಗಟಿ ಚೂರು, ಸ್ವಲ್ಪ ಗಂಧಕದ ಪುಡಿ, ಇಷ್ಟ. ಬೇರು ಕೂದಲಿನಂಗ ಸಣ್ಣ, ಮ್ಯಾಲಿಂದ ಮ್ಯಾಲೇ ಇರ್ತಾವ, ಪಾಟು ಅಗಲ ಇದ್ರ ಸಾಕು.

ಬೋರ್ ನೀರು ಹಾಕಿದ ಮೂರೇ ವಾರದಾಗ ಹೊಸ ಎಲಿ ಹಳದಿ, ನರ ಮಾತ್ರ ಹಸರ. ನೀರಿನ್ಯಾಗಿನ ಸುಣ್ಣಕ್ಕ ಪಿಎಚ್ ಏರಿ, ಕಬ್ಬಿಣ ಮಣ್ಣಾಗ ಇದ್ರೂ ಗಿಡಕ್ಕ ಸಿಗವಲ್ದು ಅಂತ ಅರ್ಥ. ಈಗ ಟೆರೇಸಿನ ಪೈಪಿಗೆ ಡ್ರಮ್ ಇಟ್ಟು ಮಳಿ ನೀರು ಹಿಡೀತೀನಿ, ಮಳಿ ಇಲ್ಲದಾಗ ಬೋರ್ ನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಚೂರ ಚೂರ ಹಾಕಿ ಮೀಟರ್ 5ಕ್ಕ ಇಳಿಯೂತನಾ ಕಲಸ್ತೀನಿ. ಗೊಬ್ಬರ ಅಮೋನಿಯಂ ಸಲ್ಫೇಟ್, ಅದೂ ಚಿಟಿಕಿ.

ನಮ್ಮವ್ವ ದಿನಾ ಅಂತಾಳ, ಕವಳಿ ಗಿಡಾ ಹಚ್ಚಿದ್ರ ಕಲ್ಲಾಗೂ ಬರ್ತಿತ್ತಲ್ಲೋ ಅಂತ. ಖರೇನ, ಕವಳಿನೂ ಹಚ್ಚಾಂವ ಅದೀನಿ.

ಮೊದಲ ವರ್ಷದ ಹೂ ಚಿವುಟಬೇಕು, ಬೇರು ಕೂಡಬೇಕಲ್ಲ, ಚಿವುಟೂ ಮುಂದ ಹೊಟ್ಟಿ ಕಿವುಚ್ತೈತಿ. ನಿನ್ನೆ ಬಿಲಾಕ್ಸಿ ಒಂದರ ಬುಡದಿಂದ ಕೆಂಪನ್ನ ಹೊಸ ಚಿಗುರು ಎದ್ದೈತಿ, ಬೆರಳುದ್ದ, ಎಲಿ ಪೂರ್ತಿ ಹಸರ.